ಹದಿನೆಂಟು ಗಂಟೆಯ ದಿನ

ಒಬ್ಬ ಲಾರಿ ಚಾಲಕ ಸೋಮವಾರ ಬೆಳಿಗ್ಗೆ ಆರಕ್ಕೆ ಕೆಲಸ ಶುರು ಮಾಡುತ್ತಾನೆ ಎಂದಿಟ್ಟುಕೊಳ್ಳಿ. ಹತ್ತು ಗಂಟೆ ಗಾಡಿ ಓಡಿಸಿ ಸಂಜೆ ನಾಲ್ಕಕ್ಕೆ ನಿಲ್ಲಿಸುತ್ತಾನೆ. ಕಾನೂನು ಹೇಳುವಂತೆ ಎಂಟು ಗಂಟೆ ಬಿಡುವು. ನಡುರಾತ್ರಿ ಹನ್ನೆರಡಕ್ಕೆ ಮತ್ತೆ ಸ್ಟೇರಿಂಗ್ ಹಿಡಿದರೆ ಮಂಗಳವಾರ ಬೆಳಿಗ್ಗೆ ಹತ್ತರವರೆಗೆ ಓಡಿಸಬಹುದು. ಪುನಃ ಎಂಟು ಗಂಟೆ ಬಿಡುವು. ಮೂರನೆಯ ಪಾಳಿ ಮಂಗಳವಾರ ಸಂಜೆ ಆರಕ್ಕೆ ಶುರುವಾಗಿ ಬುಧವಾರ ನಸುಕಿನ ನಾಲ್ಕಕ್ಕೆ ಮುಗಿಯುತ್ತದೆ. ನಾಲ್ಕನೆಯದು ಬುಧವಾರ ಮಧ್ಯಾಹ್ನ ಹನ್ನೆರಡಕ್ಕೆ ಶುರುವಾಗಿ ರಾತ್ರಿ ಹತ್ತಕ್ಕೆ ಮುಗಿಯುತ್ತದೆ. ಗುರುವಾರ ಬೆಳಿಗ್ಗೆ ಆರಕ್ಕೆ ಅವನು ಹೊರಟಿದ್ದ ಹೊತ್ತಿಗೇ ಮರಳಿ ಬಂದಿರುತ್ತಾನೆ. ಕ್ಯಾಲೆಂಡರಿನಲ್ಲಿ ಮೂರು ದಿನ ಕಳೆದಿದೆ. ಅವನ ಲೆಕ್ಕದಲ್ಲಿ ನಾಲ್ಕು ದಿನದ ದುಡಿಮೆ ಮುಗಿದಿದೆ.

ಅವನ ನಿದ್ದೆಯ ಹೊತ್ತನ್ನೂ ನೋಡಬೇಕು. ಮೊದಲ ಸಲ ಸಂಜೆ ನಾಲ್ಕರಿಂದ ನಡುರಾತ್ರಿ, ಎರಡನೆಯ ಸಲ ಬೆಳಿಗ್ಗೆ ಹತ್ತರಿಂದ ಸಂಜೆ ಆರು, ಮೂರನೆಯ ಸಲ ನಸುಕಿನ ನಾಲ್ಕರಿಂದ ಮಧ್ಯಾಹ್ನ, ನಾಲ್ಕನೆಯ ಸಲ ರಾತ್ರಿ ಹತ್ತರಿಂದ ಬೆಳಗಿನ ಆರು. ನಾಲ್ಕರಲ್ಲಿ ಒಂದೇ ಒಂದು ಸಲ ಊರೆಲ್ಲ ಮಲಗುವ ಹೊತ್ತಿಗೆ ಅವನೂ ಮಲಗಬಹುದು.

ಅಮೆರಿಕದಲ್ಲಿ 1962ರಿಂದ 2004ರ ಜನವರಿಯವರೆಗೆ ಇದು ಪೂರ್ತಿ ಕಾನೂನುಬದ್ಧ ವೇಳಾಪಟ್ಟಿಯಾಗಿತ್ತು. ಎಲ್ಲರೂ ಹೀಗೆಯೇ ಓಡಿಸುತ್ತಿದ್ದರು ಎಂದಲ್ಲ. ವಾರದ ಒಟ್ಟು ಗಂಟೆಗಳಿಗೆ ಬೇರೆ ಮಿತಿಯಿತ್ತು. ಆದರೆ ಹೀಗೆ ಓಡಿಸಿದವನು ಒಂದು ನಿಯಮವನ್ನೂ ಮುರಿದಂತಾಗುತ್ತಿರಲಿಲ್ಲ. ದಣಿದ ಚಾಲಕ ರಸ್ತೆಗೆ ಇಳಿಯಬಾರದು ಎಂದೇ ಹುಟ್ಟಿದ ಕಾನೂನು ಹದಿನೆಂಟು ಗಂಟೆಯ ದಿನವನ್ನು ಹೇಗೆ ಒಪ್ಪಿಕೊಂಡಿತು? ಆ ಕಾನೂನು ಏನನ್ನು ಎಣಿಸುತ್ತಿತ್ತು, ಏನನ್ನು ಎಣಿಸದೆ ಬಿಟ್ಟಿತ್ತು ಎಂಬುದರಲ್ಲಿ ಇದಕ್ಕೆ ಉತ್ತರವಿದೆ. ಆ ಎಣಿಕೆಯ ದೋಷ ಅಮೆರಿಕಕ್ಕೆ ಸೀಮಿತವೂ ಅಲ್ಲ.

ರೈಲಿನಿಂದ ಬಂದ ಲೆಕ್ಕ

ಸಾರಿಗೆ ಕೆಲಸಗಾರನ ದಣಿವು ಮೊದಲು ಕಾನೂನಿನ ಕಣ್ಣಿಗೆ ಬಿದ್ದದ್ದು ಹಳಿಗಳ ಮೇಲೆ. 1907ರಲ್ಲಿ ಅಮೆರಿಕದ ಸಂಸತ್ತು ರೈಲ್ವೆ ನೌಕರರಿಗಾಗಿ ಒಂದು ಕಾಯ್ದೆ ಮಾಡಿತು. ರೈಲು ಓಡಿಸುವ ಕೆಲಸದಲ್ಲಿರುವವರು ಒಂದೇ ಸಮನೆ 16 ಗಂಟೆ ದುಡಿದರೆ ಆಮೇಲೆ 10 ಗಂಟೆ ಬಿಡುವು ಕೊಡಬೇಕು ಎಂಬುದು ಅದರ ಸಾರ. ಈ ಕಾಯ್ದೆಯನ್ನು ಜಾರಿಗೆ ತರುವ ಹೊಣೆ ಅಂತರರಾಜ್ಯ ವಾಣಿಜ್ಯ ಆಯೋಗದ್ದು. ರೈಲು ಕಂಪನಿಗಳನ್ನು ಹತೋಟಿಯಲ್ಲಿಡಲು 1887ರಲ್ಲಿ ಹುಟ್ಟಿದ ಸಂಸ್ಥೆ ಅದು.

ಮೊದಲ ಮಹಾಯುದ್ಧದ ನಂತರ ಸರಕು ಹಳಿಯಿಂದ ರಸ್ತೆಗೆ ಇಳಿಯತೊಡಗಿತು. ಸಾಲ ಮಾಡಿ ಒಂದು ಲಾರಿ ಕೊಂಡವನೂ ಸಾಗಣೆದಾರನಾಗಬಹುದಿತ್ತು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸವಿಲ್ಲದವರು ಗುಂಪುಗುಂಪಾಗಿ ಈ ದಂಧೆಗೆ ಬಂದರು. ಬಾಡಿಗೆ ಇಳಿಯಿತು, ಓಡಿಸುವ ಗಂಟೆಗಳು ಏರಿದವು. 1935ರ ಮೋಟಾರು ಸಾಗಣೆ ಕಾಯ್ದೆಯ ಮೂಲಕ ಲಾರಿ ಸಾಗಣೆಯೂ ಅದೇ ಆಯೋಗದ ಕೈಗೆ ಬಂತು. ಚಾಲಕರ ಗಂಟೆಗಳಿಗೆ ಮಿತಿ ಹಾಕುವ ಅಧಿಕಾರವೂ ಅದರ ಜೊತೆಗೆ ಬಂತು.

1937ರ ಕೊನೆಯಲ್ಲಿ ಆಯೋಗ ತನ್ನ ಮೊದಲ ನಿಯಮ ಹೊರಡಿಸಿತು: 15 ಗಂಟೆಯ ಅವಧಿಯಲ್ಲಿ 12 ಗಂಟೆ ಕೆಲಸ, ಉಳಿದ 9 ಗಂಟೆ ಬಿಡುವು. 15 ಮತ್ತು 9 ಕೂಡಿದರೆ 24. ಕಾರ್ಮಿಕ ಸಂಘಟನೆಗಳು ಇದು ಹೆಚ್ಚಾಯಿತೆಂದು ತಕರಾರು ತೆಗೆದವು. 1938ರಲ್ಲಿ ನಿಯಮ ಬದಲಾಯಿತು: 24 ಗಂಟೆಯೊಳಗೆ 10 ಗಂಟೆ ಮಾತ್ರ ಚಾಲನೆ, ಕನಿಷ್ಠ 8 ಗಂಟೆ ಬಿಡುವು. ವಾರಕ್ಕೆ 60 ಗಂಟೆ, ಅಥವಾ ಎಂಟು ದಿನಕ್ಕೆ 70 ಗಂಟೆ ಕೆಲಸದ ಮಿತಿ. ಎರಡೂ ನಿಯಮಗಳಲ್ಲಿ ಚಾಲಕನ ದಿನವೆಂದರೆ ಸೂರ್ಯನ ದಿನವೇ ಆಗಿತ್ತು.

ಅದೇ 1938ರಲ್ಲಿ ಇನ್ನೊಂದು ಕಾನೂನು ಬಂತು. ನ್ಯಾಯಯುತ ಕಾರ್ಮಿಕ ಮಾನದಂಡಗಳ ಕಾಯ್ದೆಯ ಪ್ರಕಾರ ವಾರದ ಮಿತಿ ಮೀರಿ ದುಡಿಸಿದರೆ ಒಂದೂವರೆ ಪಟ್ಟು ಕೂಲಿ ಕೊಡಬೇಕು. ಲಾರಿ ಚಾಲಕರ ಗಂಟೆಗಳನ್ನು ಆಯೋಗ ಹೇಗೂ ನೋಡಿಕೊಳ್ಳುತ್ತದೆ ಎಂಬ ಕಾರಣಕ್ಕೆ ಅವರನ್ನು ಇದರಿಂದ ಹೊರಗಿಡಲಾಯಿತು. ಆ ವಿನಾಯಿತಿ ಇಂದಿಗೂ ಇದೆ. ಮುಂದೆ ದೂರದ ಚಾಲಕರಿಗೆ ಮೈಲಿಯ ಲೆಕ್ಕದಲ್ಲಿ ಸಂಬಳ ಕೊಡುವ ಪದ್ಧತಿ ಗಟ್ಟಿಯಾದಾಗ ಈ ಸಣ್ಣ ಕಲಮಿನ ಪರಿಣಾಮ ಕಾಣಿಸಿತು. ಚಕ್ರ ತಿರುಗಿದರೆ ದುಡ್ಡು. ಗೋದಾಮಿನ ಮುಂದೆ ಸಾಲಿನಲ್ಲಿ ನಿಂತ ಗಂಟೆಗಳಿಗೆ ಬಹುಮಟ್ಟಿಗೆ ಏನೂ ಇಲ್ಲ.

ಗುಹೆಯಲ್ಲಿ 32 ದಿನ

ಆಯೋಗ ಗಂಟೆಗಳ ಲೆಕ್ಕ ಹಾಕುತ್ತಿದ್ದ ವರ್ಷವೇ, ಅದರ ಪರಿವೆಯಿಲ್ಲದೆ, ಇಬ್ಬರು ವಿಜ್ಞಾನಿಗಳು ಕೆಂಟಕಿಯ ಮ್ಯಾಮತ್ ಗುಹೆಯೊಳಗೆ ಹೋಗಿ ಕುಳಿತರು. ಶಿಕಾಗೊ ವಿಶ್ವವಿದ್ಯಾಲಯದ ನಥಾನಿಯಲ್ ಕ್ಲೈಟ್‌ಮನ್ ಮತ್ತು ಅವರ ವಿದ್ಯಾರ್ಥಿ ಬ್ರೂಸ್ ರಿಚರ್ಡ್‌ಸನ್. ಕ್ಲೈಟ್‌ಮನ್‌ಗೆ ಆಗ 43 ವರ್ಷ, ರಿಚರ್ಡ್‌ಸನ್ ಇಪ್ಪತ್ತರ ಹರೆಯದಲ್ಲಿದ್ದವರು. ಗುಹೆಯಲ್ಲಿ ಹಗಲು ರಾತ್ರಿಯ ಭೇದವಿಲ್ಲ, ಸುಮಾರು 12 ಡಿಗ್ರಿಯ ಚಳಿ ಸದಾ ಒಂದೇ ಸಮ. ಇಲಿಗಳು ಹತ್ತದಂತೆ ಮಂಚದ ಕಾಲುಗಳನ್ನು ಸೋಂಕುನಿವಾರಕ ತುಂಬಿದ ಡಬ್ಬಿಗಳಲ್ಲಿ ಇಟ್ಟಿದ್ದರು. ಮನುಷ್ಯ ಮನಸ್ಸು ಮಾಡಿದರೆ ತನ್ನ ದಿನವನ್ನು ಬೇಕಾದಷ್ಟು ಉದ್ದ ಮಾಡಿಕೊಳ್ಳಬಲ್ಲನೇ ಎಂಬುದು ಅವರ ಪ್ರಶ್ನೆ. 28 ಗಂಟೆಯ ದಿನವೊಂದನ್ನು ಅವರು ಆರಿಸಿಕೊಂಡರು: 19 ಗಂಟೆ ಎಚ್ಚರ, 9 ಗಂಟೆ ಹಾಸಿಗೆ. ಅಂಥ ಆರು ದಿನಕ್ಕೆ ಒಂದು ವಾರ.

32 ದಿನಗಳ ಕಾಲ ಇಬ್ಬರೂ ತಮ್ಮ ದೇಹದ ಶಾಖವನ್ನು ಅಳೆಯುತ್ತ ಹೋದರು. ಎಚ್ಚರವಿರುವಾಗ ಏರಿ, ಗಾಢ ನಿದ್ದೆಯ ಹೊತ್ತಿಗೆ ಇಳಿಯುವ ಈ ಶಾಖದ ಅಲೆ ದೇಹದೊಳಗಿನ ಗಡಿಯಾರವನ್ನು ತೋರಿಸುವ ಮುಳ್ಳು ಇದ್ದಂತೆ. ಕಿರಿಯ ರಿಚರ್ಡ್‌ಸನ್‌ರ ಅಲೆ 28 ಗಂಟೆಯ ದಿನಕ್ಕೆ ಹೊಂದಿಕೊಂಡಿತು. ಕ್ಲೈಟ್‌ಮನ್‌ರದ್ದು ಕೊನೆಯವರೆಗೂ 24 ಗಂಟೆಗಳ ಲಯ ಬಿಡಲಿಲ್ಲ. ಬೆಳಕಿಲ್ಲ, ಗಲಾಟೆಯಿಲ್ಲ, ದುಡಿಮೆಯ ಒತ್ತಡವಿಲ್ಲ. ಆದರೂ ದೇಹ ಒಪ್ಪಲಿಲ್ಲ.

ಇಬ್ಬರ ಮೇಲಿನ ಪ್ರಯೋಗದಿಂದ ದೊಡ್ಡ ತೀರ್ಮಾನಕ್ಕೆ ಬರಲಾಗದು. ಮುಂದಿನ ದಶಕಗಳ ಸಂಶೋಧನೆ ಅದನ್ನು ತುಂಬಿಕೊಟ್ಟಿತು. ಬೆಳಕನ್ನು ಬಳಸಿ ದೇಹದ ಗಡಿಯಾರವನ್ನು ದಿನಕ್ಕೆ ಒಂದೆರಡು ಗಂಟೆ ಸರಿಸಬಹುದು. ಮುಂದಕ್ಕೆ ದೂಡುವುದು, ಅಂದರೆ ತಡವಾಗಿ ಮಲಗುವುದು, ಸ್ವಲ್ಪ ಸುಲಭ. ಹಿಂದಕ್ಕೆ ಎಳೆಯುವುದು ಕಷ್ಟ. ಹದಿನೆಂಟು ಗಂಟೆಯ ದಿನ ಪ್ರತಿ ಪಾಳಿಗೂ ಆರು ಗಂಟೆ ಹಿಂದಕ್ಕೆ ಎಳೆಯುತ್ತದೆ. ಅದನ್ನು ಹಿಂಬಾಲಿಸುವುದು ಯಾವ ಗಡಿಯಾರಕ್ಕೂ ಸಾಧ್ಯವಿಲ್ಲ. ಚಾಲಕನ ಕೈ ಸ್ಟೇರಿಂಗ್ ಮೇಲಿರುವಾಗ ಅವನ ದೇಹ ನಡುರಾತ್ರಿಯಲ್ಲಿರುತ್ತದೆ. ಅವನು ಮಲಗಲು ಹೋದಾಗ ದೇಹಕ್ಕೆ ಮಧ್ಯಾಹ್ನವಾಗಿರುತ್ತದೆ.

1962ರ ತಿದ್ದುಪಡಿ

1956ರಲ್ಲಿ ಅಮೆರಿಕ ತನ್ನ ಅಂತರರಾಜ್ಯ ಹೆದ್ದಾರಿ ಜಾಲಕ್ಕೆ ಕೈಹಾಕಿತು. ದೇಶದ ಒಂದು ತುದಿಯಿಂದ ಇನ್ನೊಂದು ತುದಿಗೆ ನಿಲ್ಲದೆ ಓಡಬಲ್ಲ ಅಗಲ ರಸ್ತೆಗಳು ಬಂದವು. ಲಾರಿಗಳು ದೊಡ್ಡವಾದವು, ದೂರಗಳು ಹೆಚ್ಚಾದವು. 1962ರಲ್ಲಿ ಆಯೋಗ ನಿಯಮವನ್ನು ತಿದ್ದಿ '24 ಗಂಟೆಯೊಳಗೆ' ಎಂಬ ಮಾತನ್ನು ಕೈಬಿಟ್ಟಿತು. ಎಂಟು ಗಂಟೆ ಬಿಡುವಾದ ಮೇಲೆ ಹತ್ತು ಗಂಟೆ ಓಡಿಸಬಹುದು ಎಂದಷ್ಟೇ ಉಳಿಯಿತು.

ಹತ್ತು ಹತ್ತಾಗಿಯೇ ಇತ್ತು, ಎಂಟು ಎಂಟಾಗಿಯೇ ಇತ್ತು. ಅಂಕಿಗಳನ್ನು ನೋಡಿದವರಿಗೆ ಏನೂ ಬದಲಾಗಿಲ್ಲ ಅನ್ನಿಸುವಂತಿತ್ತು. ಆದರೆ ಹೊಸ ಲೆಕ್ಕದಲ್ಲಿ ಹತ್ತು ಗಂಟೆ ಓಡಿಸಿ, ಎಂಟು ಗಂಟೆ ನಿಲ್ಲಿಸಿ, ಅದೇ 24 ಗಂಟೆಯೊಳಗೆ ಇನ್ನೂ ಆರು ಗಂಟೆ ಓಡಿಸಬಹುದಿತ್ತು. ಒಟ್ಟು ಹದಿನಾರು. ಗಾಡಿಯಲ್ಲಿ ಮಲಗುವ ಅಂಕಣವಿದ್ದರೆ ಆ ಎಂಟು ಗಂಟೆಯ ಬಿಡುವನ್ನೂ ಎರಡು ತುಂಡು ಮಾಡಿಕೊಳ್ಳಲು ಅವಕಾಶವಿತ್ತು.

1980ರಲ್ಲಿ ಬಂದ ಇನ್ನೊಂದು ಕಾಯ್ದೆ ಬಾಡಿಗೆ ದರಗಳ ಮೇಲಿನ ಸರ್ಕಾರಿ ಹತೋಟಿಯನ್ನು ಬಹುಪಾಲು ತೆಗೆದುಹಾಕಿತು. ಪೈಪೋಟಿ ಹೆಚ್ಚಿತು, ಬಾಡಿಗೆ ಇಳಿಯಿತು, ಸಂಘಟಿತ ಚಾಲಕರ ಪಾಲು ಕುಸಿಯಿತು. ಮೈಲಿಗೆ ಸಿಗುವ ದುಡ್ಡು ಕಡಿಮೆಯಾದಾಗ ಮನೆಯ ಖರ್ಚು ತೂಗಿಸಲು ಚಾಲಕನಿಗಿದ್ದ ದಾರಿ ಒಂದೇ, ಇನ್ನಷ್ಟು ಮೈಲಿ ಓಡಿಸುವುದು. ಗಂಟೆಗಳ ಲೆಕ್ಕವನ್ನು ಅವನೇ ಕೈಯಾರೆ ಒಂದು ಪುಸ್ತಕದಲ್ಲಿ ಬರೆಯಬೇಕಿತ್ತು. ಚಾಲಕರು ಆ ಲಾಗ್ ಪುಸ್ತಕಕ್ಕೆ ಇಟ್ಟ ಅಡ್ಡಹೆಸರು 'ಕಾಮಿಕ್ ಪುಸ್ತಕ'. ಪೊಲೀಸರಿಗೆ ತೋರಿಸಲು ಒಂದು, ನಿಜದ ಲೆಕ್ಕಕ್ಕೆ ಇನ್ನೊಂದು ಇಟ್ಟುಕೊಳ್ಳುವುದು ಗುಟ್ಟಿನ ಮಾತೇನೂ ಆಗಿರಲಿಲ್ಲ.

ದಣಿವು ಎಷ್ಟು ಜೀವ ತೆಗೆಯುತ್ತಿದೆ ಎಂದು ಹೇಳುವುದೂ ಸುಲಭವಿರಲಿಲ್ಲ. ಕುಡಿತವನ್ನು ರಕ್ತದಲ್ಲಿ ಅಳೆಯಬಹುದು, ವೇಗವನ್ನು ಟೈರಿನ ಉಜ್ಜುಗುರುತಿನಿಂದ ಊಹಿಸಬಹುದು. ನಿದ್ದೆ ಯಾವ ಗುರುತನ್ನೂ ಬಿಡುವುದಿಲ್ಲ. ಬ್ರೇಕ್ ಒತ್ತಿದ ಗುರುತೇ ಇಲ್ಲದಿರುವುದು ಕೆಲವೊಮ್ಮೆ ಅದರ ಏಕೈಕ ಸಾಕ್ಷಿ. 1990ರಲ್ಲಿ ಅಲ್ಲಿನ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ, ಚಾಲಕನೇ ಸತ್ತುಹೋದ 182 ಭಾರಿ ಲಾರಿ ಅಪಘಾತಗಳನ್ನು ಒಂದೊಂದಾಗಿ ಪರಿಶೀಲಿಸಿತು. ಎಲ್ಲಕ್ಕಿಂತ ಹೆಚ್ಚು ಸಲ ಕಂಡ ಸಂಭವನೀಯ ಕಾರಣ ದಣಿವು, ಶೇ. 31ರಷ್ಟು. ಮದ್ಯ ಮತ್ತು ಮಾದಕ ವಸ್ತುಗಳ ಪಾಲು ಅದಕ್ಕಿಂತ ತುಸು ಕಡಿಮೆಯಿತ್ತು.

80 ಚಾಲಕರ ನಿದ್ದೆ

1988ರಲ್ಲಿ ಅಮೆರಿಕದ ಸಂಸತ್ತು ಚಾಲಕರ ದಣಿವಿನ ಬಗ್ಗೆ ಅಧ್ಯಯನ ನಡೆಸಬೇಕೆಂದು ಆದೇಶಿಸಿತು. ಅದರಿಂದ ಹುಟ್ಟಿದ ಅಧ್ಯಯನದಲ್ಲಿ ಅಮೆರಿಕ ಮತ್ತು ಕೆನಡಾದ 80 ಚಾಲಕರು ಭಾಗವಹಿಸಿದರು. ಪ್ರಯೋಗಾಲಯದ ನಕಲಿ ಗಾಡಿಗಳಲ್ಲ. ನಿಜವಾದ ಸರಕು ಹೊತ್ತು, ನಿಜವಾದ ರಸ್ತೆಗಳಲ್ಲಿ ಓಡಿದ ಲಾರಿಗಳು. ಓಡಿಸುವಾಗ ಮುಖದ ಮೇಲೆ ವಿಡಿಯೊ ಕ್ಯಾಮೆರಾ. ಮಲಗುವಾಗ ತಲೆಗೆ ಮೆದುಳಿನ ತರಂಗ ಅಳೆಯುವ ತಂತಿಗಳು.

ಚಾಲಕರನ್ನು ಇಪ್ಪತ್ತರಂತೆ ನಾಲ್ಕು ಗುಂಪು ಮಾಡಿದ್ದರು. ಒಂದು ಗುಂಪು ದಿನವೂ ಹಗಲು ಹತ್ತು ಗಂಟೆ ಓಡಿಸಿತು. ಇನ್ನೊಂದು ಗುಂಪಿಗೂ ಹತ್ತೇ ಗಂಟೆ, ಆದರೆ ಹೊರಡುವ ಹೊತ್ತು ದಿನದಿಂದ ದಿನಕ್ಕೆ ಹಿಂದೆ ಸರಿಯುತ್ತಿತ್ತು. ಉಳಿದೆರಡು ಗುಂಪುಗಳು ಕೆನಡಾದ ನಿಯಮದಂತೆ ಹದಿಮೂರು ಗಂಟೆ ಓಡಿಸಿದವು. ಒಂದು ಹಗಲಿನಲ್ಲಿ ಹೊರಡುತ್ತಿತ್ತು, ಇನ್ನೊಂದು ರಾತ್ರಿ. ಹೆಚ್ಚು ಗಂಟೆ ಓಡಿಸಿದವರೇ ಹೆಚ್ಚು ದಣಿದಿರುತ್ತಾರೆ ಎಂಬುದು ಕಾನೂನಿನ ನಂಬಿಕೆಯಾಗಿತ್ತು.

ಫಲಿತಾಂಶ ಬೇರೆಯೇ ಹೇಳಿತು. ತೂಕಡಿಕೆಗೆ ಓಡಿಸಿದ ಗಂಟೆಗಳಿಗಿಂತ ಓಡಿಸಿದ ಹೊತ್ತೇ ದೊಡ್ಡ ಕಾರಣವಾಗಿತ್ತು. ಸಂಜೆ ಇಳಿದ ಮೇಲಿನಿಂದ ಬೆಳಕು ಹರಿಯುವವರೆಗಿನ ಹೊತ್ತು ಎಲ್ಲರಿಗೂ ಕಷ್ಟದ್ದು. 80 ಮಂದಿಯಲ್ಲಿ 45 ಮಂದಿ ಒಮ್ಮೆಯಾದರೂ ಸ್ಟೇರಿಂಗ್ ಹಿಂದೆ ತೂಕಡಿಸಿದ್ದು ಕ್ಯಾಮೆರಾದಲ್ಲಿ ಸಿಕ್ಕಿತು.

1997ರಲ್ಲಿ ಪ್ರಕಟವಾದ ನಿದ್ದೆಯ ಅಂಕಿಗಳು ಇನ್ನೂ ಸ್ಪಷ್ಟವಾಗಿದ್ದವು. ತಮಗೆ ದಿನಕ್ಕೆ ಸುಮಾರು ಏಳು ಗಂಟೆ ನಿದ್ದೆ ಬೇಕು ಎಂದು ಚಾಲಕರು ಹೇಳಿಕೊಂಡಿದ್ದರು. ಅವರು ಹಾಸಿಗೆಯಲ್ಲಿ ಕಳೆದದ್ದು ಸರಾಸರಿ 5.18 ಗಂಟೆ. ಮೆದುಳಿನ ತರಂಗಗಳ ಪ್ರಕಾರ ನಿಜವಾಗಿ ನಿದ್ರಿಸಿದ್ದು 4.78 ಗಂಟೆ. ಹಗಲು ಹತ್ತು ಗಂಟೆಯ ಗುಂಪಿಗೆ 5.38 ಗಂಟೆ ಸಿಕ್ಕಿದರೆ, ರಾತ್ರಿ ಹದಿಮೂರು ಗಂಟೆ ಓಡಿಸಿದವರಿಗೆ ಸಿಕ್ಕಿದ್ದು 3.83.

ಕಾನೂನು ಎಂಟು ಗಂಟೆ ಬಿಡುವು ಕೊಟ್ಟಿರುವಾಗ ನಿದ್ದೆ ಐದು ಗಂಟೆಗೆ ಇಳಿದದ್ದೇಕೆ? ಬಿಡುವು ಶುರುವಾದೊಡನೆ ನಿದ್ದೆ ಶುರುವಾಗುವುದಿಲ್ಲ. ಸ್ನಾನ, ಊಟ, ಮನೆಗೆ ಒಂದು ಫೋನು, ಬಟ್ಟೆ ಒಗೆಯುವುದು, ಮಲಗುವ ಜಾಗಕ್ಕೆ ಹೋಗುವುದು, ಎದ್ದು ಹೊರಡುವ ತಯಾರಿ ಎಲ್ಲವೂ ಆ ಎಂಟು ಗಂಟೆಯೊಳಗೇ ಆಗಬೇಕು. ಹಗಲಿನಲ್ಲಿ ಮಲಗಿದವನನ್ನು ಸೆಖೆ, ಬೆಳಕು, ಸದ್ದು, ಎಲ್ಲಕ್ಕೂ ಮಿಗಿಲಾಗಿ ತನ್ನದೇ ದೇಹದ ಗಡಿಯಾರ ಬೇಗ ಎಬ್ಬಿಸಿಬಿಡುತ್ತದೆ. ಹೀಗೆ ಪ್ರತಿ ದಿನ ಎರಡು ಗಂಟೆ ನಿದ್ದೆ ಸಾಲ ಬೀಳುತ್ತ ಹೋದರೆ ವಾರದ ಕೊನೆಗೆ ಅದು ಎರಡು ರಾತ್ರಿಯ ಸಾಲವಾಗುತ್ತದೆ.

ಕಾಯುವ ಹೊತ್ತು

ಈ ಅಧ್ಯಯನಗಳ ಬೆನ್ನಿಗೆ ಬಂದ ಹೊಸ ನಿಯಮ 2003ರಲ್ಲಿ ಪ್ರಕಟವಾಗಿ 2004ರ ಜನವರಿಯಲ್ಲಿ ಜಾರಿಗೆ ಬಂತು. ಬಿಡುವು ಎಂಟರಿಂದ ಹತ್ತು ಗಂಟೆಗೆ ಏರಿತು. ಕೆಲಸ ಶುರುವಾದ 14 ಗಂಟೆಯ ನಂತರ ಓಡಿಸುವಂತಿಲ್ಲ; ಆ ಹದಿನಾಲ್ಕರೊಳಗೆ ಚಾಲನೆ 11 ಗಂಟೆ. ಹದಿನಾಲ್ಕು ಮತ್ತು ಹತ್ತು ಕೂಡಿದರೆ 24. ನಾಲ್ಕು ದಶಕಗಳ ನಂತರ ಚಾಲಕನ ದಿನ ಮರಳಿ ಸೂರ್ಯನ ದಿನದ ಹತ್ತಿರಕ್ಕೆ ಬಂತು.

ರಾತ್ರಿಯನ್ನು ಹೆಸರಿಟ್ಟು ಕಾಪಾಡುವ ಪ್ರಯತ್ನ ಇನ್ನೂ ಹತ್ತು ವರ್ಷ ತಡವಾಯಿತು. ವಾರದ ಗಂಟೆಗಳು ಮುಗಿದ ಮೇಲೆ 34 ಗಂಟೆ ಸತತ ವಿಶ್ರಾಂತಿ ಪಡೆದರೆ ಹೊಸ ವಾರ ಶುರು ಮಾಡಬಹುದು ಎಂಬ ನಿಯಮವಿತ್ತು. ಆ 34 ಗಂಟೆಯಲ್ಲಿ ಎರಡು ರಾತ್ರಿಗಳ ಒಂದರಿಂದ ಐದು ಗಂಟೆಯ ಹೊತ್ತು ಸೇರಿರಲೇಬೇಕು ಎಂದು 2013ರ ಜುಲೈಯಿಂದ ಕಡ್ಡಾಯ ಮಾಡಲಾಯಿತು. ಸಾಗಣೆ ಕಂಪನಿಗಳು ವಿರೋಧಿಸಿದವು. ಎಲ್ಲರೂ ಬೆಳಗಿನ ಐದಕ್ಕೆ ಒಟ್ಟಿಗೇ ರಸ್ತೆಗೆ ಇಳಿದರೆ ದಟ್ಟಣೆ ಹೆಚ್ಚುತ್ತದೆ ಎಂಬುದು ಅವರ ವಾದಗಳಲ್ಲಿ ಒಂದು. 2014ರ ಡಿಸೆಂಬರಿನಲ್ಲಿ ಸಂಸತ್ತು ಆ ಷರತ್ತನ್ನು ಅಮಾನತಿನಲ್ಲಿಟ್ಟಿತು. ಒಂದೂವರೆ ವರ್ಷವೂ ಅದು ಬಾಳಲಿಲ್ಲ.

2017ರ ಡಿಸೆಂಬರಿನಲ್ಲಿ ಕೈಬರಹದ ಲಾಗ್ ಪುಸ್ತಕದ ಕಾಲ ಮುಗಿಯಿತು. ಎಂಜಿನ್ನಿಗೆ ಜೋಡಿಸಿದ ವಿದ್ಯುನ್ಮಾನ ಯಂತ್ರವೇ ಗಂಟೆಗಳನ್ನು ದಾಖಲಿಸತೊಡಗಿತು. ಸುಳ್ಳು ಲೆಕ್ಕ ಕಡಿಮೆಯಾಯಿತು, ಗಂಟೆಗಳ ನಿಯಮ ಮುರಿಯುವುದೂ ಇಳಿಯಿತು. ಆದರೆ ಅಪಘಾತಗಳು ಅದಕ್ಕೆ ತಕ್ಕಂತೆ ಇಳಿದ ಕುರುಹು ಸಂಶೋಧಕರಿಗೆ ಸಿಗಲಿಲ್ಲ. ಅದರ ಬದಲು ಸಣ್ಣ ಕಂಪನಿಗಳ ಚಾಲಕರಲ್ಲಿ ಅತಿವೇಗದ ಪ್ರಕರಣಗಳು ಹೆಚ್ಚಿದ್ದು ಕಂಡಿತು.

ಇದರ ಕಾರಣ ಗೋದಾಮಿನ ಬಾಗಿಲಲ್ಲಿದೆ. 14 ಗಂಟೆಯ ಗಡಿಯಾರ ಒಮ್ಮೆ ಶುರುವಾದರೆ ಸುಲಭಕ್ಕೆ ನಿಲ್ಲುವುದಿಲ್ಲ. ಸರಕು ಇಳಿಸಲು ನಾಲ್ಕು ಗಂಟೆ ಕಾಯಿಸಿದರೆ ಆ ನಾಲ್ಕು ಗಂಟೆ ಚಾಲಕನ ದಿನದಿಂದ ಕಳೆದುಹೋಗುತ್ತದೆ. ಕಾಯಿಸಿದವರಿಗೆ ಅದರಿಂದ ಹೆಚ್ಚಿನ ನಷ್ಟವಿಲ್ಲ. ಮೈಲಿಯ ಲೆಕ್ಕದಲ್ಲಿ ದುಡಿಯುವವನು ಹೋದ ಹೊತ್ತನ್ನು ವೇಗದಲ್ಲಿ ಗಳಿಸಿಕೊಳ್ಳಲು ನೋಡುತ್ತಾನೆ. ಹಿಂದೆ ನಿದ್ದೆ ಕದ್ದು ತುಂಬಿಕೊಳ್ಳುತ್ತಿದ್ದ ಹೊತ್ತನ್ನು ಈಗ ವೇಗ ಹೆಚ್ಚಿಸಿ ತುಂಬಿಕೊಳ್ಳುವಂತಾಯಿತು. 1938ರಲ್ಲಿ ಕಾಯುವ ಗಂಟೆಗಳಿಗೆ ಬೆಲೆ ಕಟ್ಟದೆ ಬಿಟ್ಟ ಕಾನೂನಿನ ಬಾಕಿ ಯಂತ್ರ ಬಂದ ಮೇಲೂ ಹಾಗೆಯೇ ಉಳಿಯಿತು.

ಭಾರತದ ಕಾಗದದ ಮೇಲೆ

ಅಮೆರಿಕದ ಈ ಕತೆಯ ಪಕ್ಕದಲ್ಲಿ ಭಾರತದ ಕಾನೂನನ್ನು ಇಟ್ಟು ನೋಡಿದರೆ ಮೊದಲಿಗೆ ಆಶ್ಚರ್ಯವಾಗುತ್ತದೆ. ಕಾಗದದ ಮೇಲೆ ಭಾರತದ ನಿಯಮಗಳು ಹೆಚ್ಚು ಉದಾರವಾಗಿವೆ.

ಇಲ್ಲಿಯೂ ಶುರುವಾತು ರೈಲಿನಿಂದಲೇ. 1930ರ ದಶಕದ ಆರಂಭದಲ್ಲಿ ಮೋಟಾರು ಗಾಡಿಗಳು ರೈಲಿನ ಆದಾಯ ಕಸಿಯುತ್ತಿವೆ ಎಂಬ ಆತಂಕ ಬ್ರಿಟಿಷ್ ಸರ್ಕಾರವನ್ನು ಕಾಡಿತು. ಮಿಚೆಲ್ ಮತ್ತು ಕರ್ಕ್‌ನೆಸ್ ಎಂಬ ಅಧಿಕಾರಿಗಳು ರಸ್ತೆ-ರೈಲು ಪೈಪೋಟಿಯ ಬಗ್ಗೆ 1933ರಲ್ಲಿ ವರದಿ ಕೊಟ್ಟರು. ಈ ಚರ್ಚೆಯ ಕೊನೆಯಲ್ಲಿ ಬಂದದ್ದು 1939ರ ಮೋಟಾರು ವಾಹನ ಕಾಯ್ದೆ. ಪರ್ಮಿಟ್ ಪದ್ಧತಿಯ ಜೊತೆಗೆ ಅದರ 65ನೆಯ ಕಲಮು ಚಾಲಕರ ಗಂಟೆಗಳಿಗೂ ಮಿತಿ ಹಾಕಿತು: ಐದು ಗಂಟೆ ಓಡಿಸಿದ ಮೇಲೆ ಅರ್ಧ ಗಂಟೆ ವಿಶ್ರಾಂತಿ, ದಿನಕ್ಕೆ 9 ಗಂಟೆ, ವಾರಕ್ಕೆ 54 ಗಂಟೆ.

ಸ್ವಾತಂತ್ರ್ಯದ ನಂತರ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಇನ್ನೂ ಮುಂದೆ ಹೋಯಿತು. ದಿನಕ್ಕೆ 8 ಗಂಟೆ, ವಾರಕ್ಕೆ 48. ದೂರದ ಮಾರ್ಗಗಳಿಗೆ ಅನುಮತಿ ಪಡೆದು ದಿನಕ್ಕೆ 10, ವಾರಕ್ಕೆ 54ರವರೆಗೆ ಹೋಗಬಹುದಿತ್ತು. ಬಿಡುವೂ ಸೇರಿ ಕೆಲಸದ ಹರವು ಸಾಮಾನ್ಯವಾಗಿ 12 ಗಂಟೆ ಮೀರಬಾರದಿತ್ತು. ಒಂದು ದಿನದ ಕೆಲಸ ಮುಗಿದು ಮರುದಿನದ್ದು ಶುರುವಾಗುವ ನಡುವೆ ಕನಿಷ್ಠ 9 ಗಂಟೆ ಸತತ ವಿಶ್ರಾಂತಿ. ವಾರಕ್ಕೊಂದು ರಜೆ. ರಾತ್ರಿ ತಂಗಬೇಕಾದ ಕಡೆ ವಿಶ್ರಾಂತಿ ಕೋಣೆ ಇರಬೇಕು ಎಂದೂ ಅದು ಹೇಳಿತು. ಅದರ ಮರುವರ್ಷವೇ ಅಮೆರಿಕದ ಆಯೋಗ ಹದಿನೆಂಟು ಗಂಟೆಯ ದಿನಕ್ಕೆ ದಾರಿ ಮಾಡಿಕೊಟ್ಟಿತು ಎಂಬುದನ್ನು ನೆನೆದರೆ 1961ರ ಕಾಯ್ದೆ ಬರೆದವರ ಕಾಳಜಿ ಗೊತ್ತಾಗುತ್ತದೆ.

ಆದರೆ ಕಾಯ್ದೆಯ ಮೊದಲ ಕಲಮಿನಲ್ಲೇ ಒಂದು ಅಂಕಿಯಿತ್ತು. ಐದು ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ ಅದು ಅನ್ವಯಿಸುತ್ತಿತ್ತು. ಬಸ್ಸು ಓಡಿಸುವ ಸರ್ಕಾರಿ ನಿಗಮಗಳಿಗೆ ಇದು ಸರಿಯಾಗಿ ಹೊಂದುತ್ತಿತ್ತು. ಲಾರಿ ಲೋಕ ಹಾಗಿರಲಿಲ್ಲ. ಎರಡು ಲಾರಿಯಿರುವ ಮಾಲೀಕನ ಬಳಿ ಇಬ್ಬರು ಡ್ರೈವರ್, ಇಬ್ಬರು ಕ್ಲೀನರ್ ಇದ್ದರೆ ಒಟ್ಟು ನಾಲ್ಕು ಮಂದಿ. ಸ್ವಂತ ಲಾರಿ ತಾನೇ ಓಡಿಸುವವನು ಯಾರ ಕಾರ್ಮಿಕನೂ ಅಲ್ಲ. ಭಾರತದ ಲಾರಿಗಳಲ್ಲಿ ದೊಡ್ಡ ಪಾಲು ಇಂಥ ಒಂದೆರಡು ಗಾಡಿಯ ಮಾಲೀಕರದ್ದು. 1988ರ ಮೋಟಾರು ವಾಹನ ಕಾಯ್ದೆ ಬಂದಾಗ ಚಾಲಕರ ಗಂಟೆಗಳ ವಿಷಯದಲ್ಲಿ ತನ್ನದೇ ಲೆಕ್ಕ ಬರೆಯಲಿಲ್ಲ. ಅದರ 91ನೆಯ ಕಲಮು 1961ರ ಕಾಯ್ದೆಯತ್ತ ಕೈತೋರಿಸಿ ಸುಮ್ಮನಾಯಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ರಸ್ತೆ ಸಾರಿಗೆಯ ಗಂಟೆಗಳ ಬಗ್ಗೆ 1979ರಲ್ಲಿ ಮಾಡಿದ ಒಡಂಬಡಿಕೆಯನ್ನು ಭಾರತ ಅನುಮೋದಿಸಿಲ್ಲ.

ಇತ್ತ ದೂರಗಳು ಬೆಳೆದವು. 1975ರಲ್ಲಿ ರಾಷ್ಟ್ರೀಯ ಪರ್ಮಿಟ್ ಪದ್ಧತಿ ಬಂದ ಮೇಲೆ ಒಂದೇ ಲಾರಿ ಹಲವು ರಾಜ್ಯ ದಾಟಿ ಹೋಗುವುದು ಸಲೀಸಾಯಿತು. ಈಗಿನ ರಾಷ್ಟ್ರೀಯ ಹೆದ್ದಾರಿ 48 ದಿಲ್ಲಿಯಿಂದ ಜೈಪುರ, ಅಹಮದಾಬಾದ್, ಮುಂಬೈ, ಪುಣೆ, ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರು ದಾಟಿ ಚೆನ್ನೈ ಮುಟ್ಟುತ್ತದೆ. ಅದರಲ್ಲಿ ಮುಂಬೈ-ಬೆಂಗಳೂರು ತುಣುಕೇ ಸುಮಾರು ಸಾವಿರ ಕಿಲೋಮೀಟರು. ಘಾಟಿ, ಟೋಲ್, ಊರುಗಳ ನಡುವೆ ತುಂಬಿದ ಲಾರಿ ಗಂಟೆಗೆ 40 ಕಿಲೋಮೀಟರಿನಂತೆ ಸಾಗಿದರೂ 25 ಗಂಟೆಯ ಚಾಲನೆ. ದಿನಕ್ಕೆ ಎಂಟು ಗಂಟೆಯ ಲೆಕ್ಕದಲ್ಲಿ ಮೂರು ದಿನ ದಾಟುತ್ತದೆ. ಸರಕು ಒಂದೂವರೆ ದಿನದಲ್ಲಿ ತಲುಪಬೇಕು ಎಂದು ಮಾತಾಗಿದ್ದರೆ ಆ ಮಾತಿನೊಳಗೇ ಒಂದು ರಾತ್ರಿಯ ನಿದ್ದೆ ಹೋಗಿರುತ್ತದೆ. ಅದನ್ನು ಯಾರೂ ಬಾಯಿಬಿಟ್ಟು ಕೇಳಬೇಕಾಗಿಲ್ಲ.

ಕಾಯುವ ಹೊತ್ತು ಇಲ್ಲಿ ಇನ್ನೂ ಉದ್ದ. 2017ರ ಜುಲೈಯಲ್ಲಿ ಜಿಎಸ್‌ಟಿ ಬರುವವರೆಗೆ ರಾಜ್ಯಗಳ ಗಡಿಯ ಚೆಕ್‌ಪೋಸ್ಟುಗಳಲ್ಲಿ ಲಾರಿಗಳ ಸಾಲು ಕಿಲೋಮೀಟರುಗಟ್ಟಲೆ ನಿಲ್ಲುತ್ತಿತ್ತು. ಮುಂಬೈಯ ದಹಿಸರ್, ಮುಲುಂಡ್ ನಾಕಾಗಳಲ್ಲಿ ಜಕಾತಿಗಾಗಿ ಕಾದ ರಾತ್ರಿಗಳು ಹಳೆಯ ಚಾಲಕರಿಗೆ ನೆನಪಿರುತ್ತವೆ. ಜಕಾತಿ ಹೋಯಿತು, ಸಾಲು ಕರಗಿತು. ನಗರದ ಬಾಗಿಲಿನ ಕಾಯುವಿಕೆ ಹಾಗೆಯೇ ಇದೆ. ದಿಲ್ಲಿ, ಮುಂಬೈ, ಬೆಂಗಳೂರಿನಂಥ ನಗರಗಳು ಹಗಲಿನ ದಟ್ಟಣೆಯ ಹೊತ್ತಿನಲ್ಲಿ ಭಾರಿ ಲಾರಿಗಳನ್ನು ಒಳಗೆ ಬಿಡುವುದಿಲ್ಲ. ನಗರವಾಸಿಗಳ ಅನುಕೂಲಕ್ಕೆ ಇದು ಬೇಕಾದ ನಿಯಮವೇ ಇರಬಹುದು. ಲಾರಿ ಚಾಲಕನ ಪಾಲಿಗೆ ಅದರ ಅರ್ಥ ಒಂದೇ: ಹಗಲು ರಸ್ತೆಬದಿಯ ಬಿಸಿಲಲ್ಲಿ ಕಾದು, ರಾತ್ರಿ ಸ್ಟೇರಿಂಗ್ ಹಿಡಿಯುವುದು. ಕಾದ ಹೊತ್ತನ್ನು ಮಾಲೀಕ ವಿಶ್ರಾಂತಿ ಎಂದು ಎಣಿಸುತ್ತಾನೆ. ಸರಕಿನ ಮೇಲೆ, ಡೀಸೆಲ್ ಟ್ಯಾಂಕಿನ ಮೇಲೆ ಒಂದು ಕಣ್ಣಿಟ್ಟುಕೊಂಡು, ಕಾದ ಕಬ್ಬಿಣದ ಕ್ಯಾಬಿನ್ನಿನಲ್ಲಿ ಒರಗಿದವನಿಗೆ ಸಿಗುವುದು ಬರೀ ಜೋಂಪು. ಆಮೇಲೆ ರಾತ್ರಿ ಎಚ್ಚರವಿರಲು ಚಹಾ, ಬೀಡಿ, ಗುಟ್ಕಾ. ಉತ್ತರದ ಕೆಲವೆಡೆ ಅಫೀಮಿನ ಸಿಪ್ಪೆ.

1961ರ ಕಾಯ್ದೆ ಹೇಳಿದ ವಿಶ್ರಾಂತಿ ಕೋಣೆಯ ಕೆಲಸವನ್ನು ಇಷ್ಟು ವರ್ಷ ಮಾಡಿಕೊಂಡು ಬಂದದ್ದು ಢಾಬಾದ ಹಗ್ಗದ ಮಂಚ. ಊಟ ಮಾಡಿದವನಿಗೆ ಮಂಚ ಬಿಟ್ಟಿ.

ಸೀಟಿನ ಹಿಂದಿನ ಹಲಗೆ

ಇತ್ತೀಚಿನ ವರ್ಷಗಳಲ್ಲಿ ಸರ್ಕಾರದ ಮಾತು ಬದಲಾಗಿದೆ. ವಿಮಾನದ ಪೈಲಟ್‌ಗಳಂತೆ ಲಾರಿ ಚಾಲಕರಿಗೂ ಗಂಟೆಗಳನ್ನು ನಿಗದಿ ಮಾಡಬೇಕು ಎಂದು ಸಾರಿಗೆ ಸಚಿವ ನಿತಿನ್ ಗಡ್ಕರಿ 2021ರಲ್ಲಿ ಹೇಳಿದರು. 2023ರ ಡಿಸೆಂಬರಿನ ಅಧಿಸೂಚನೆಯ ಪ್ರಕಾರ 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ಕಡ್ಡಾಯ. ಹೆದ್ದಾರಿಗಳಲ್ಲಿ ಚಾಲಕರಿಗಾಗಿ ಮೊದಲ ಹಂತದಲ್ಲಿ ಸಾವಿರ ವಿಶ್ರಾಂತಿ ಕಟ್ಟಡಗಳು ಬರಲಿವೆ ಎಂದು ಪ್ರಧಾನಿ 2024ರ ಫೆಬ್ರವರಿಯಲ್ಲಿ ಘೋಷಿಸಿದರು. ಕೊಯಮತ್ತೂರಿನ ಮೂಳೆ ವೈದ್ಯ ಎಸ್. ರಾಜಶೇಖರನ್ ರಸ್ತೆ ಸುರಕ್ಷತೆಯ ಬಗ್ಗೆ 2012ರಲ್ಲಿ ಹೂಡಿದ ಮೊಕದ್ದಮೆಯಲ್ಲಿ, ಚಾಲಕರ ಗಂಟೆಗಳ ನಿಯಮ ಜಾರಿಗೆ ತರುವ ದಾರಿ ಕಂಡುಕೊಳ್ಳಲು ರಾಜ್ಯಗಳೊಡನೆ ಸಭೆ ನಡೆಸಬೇಕೆಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲಿನಲ್ಲಿ ಕೇಂದ್ರಕ್ಕೆ ಸೂಚಿಸಿತು. ಕಾಯ್ದೆ ಬಂದು ಅರವತ್ತನಾಲ್ಕು ವರ್ಷವಾದ ಮೇಲೂ ಅದನ್ನು ಜಾರಿ ಮಾಡುವುದು ಹೇಗೆ ಎಂಬ ಸಭೆ ಬೇಕಾಗಿತ್ತು.

ತಂಪು ಕ್ಯಾಬಿನ್ನು, ಸ್ವಚ್ಛ ಹಾಸಿಗೆ ಎರಡೂ ನಿದ್ದೆಗೆ ನೆರವಾಗುತ್ತವೆ. ಆದರೆ ಹಾಸಿಗೆಯ ಮುಂದೆ ಗಾಡಿ ನಿಲ್ಲಿಸಲು ಚಾಲಕನಿಗೆ ಹೊತ್ತು ಸಿಗಬೇಕು. ಆ ಹೊತ್ತನ್ನು ತೀರ್ಮಾನಿಸುವವರು ಸರಕು ಕಳಿಸುವವರು, ಪಡೆಯುವವರು, ಟ್ರಿಪ್ಪಿನ ಲೆಕ್ಕದಲ್ಲಿ ಬಾಟಾ ಕೊಡುವವರು. 1938ರ ಅಮೆರಿಕದಲ್ಲೂ 1961ರ ಭಾರತದಲ್ಲೂ ಗಂಟೆಗಳ ಪುಸ್ತಕವನ್ನು ಚಾಲಕನ ಮತ್ತು ಅವನ ಮಾಲೀಕನ ಮುಂದೆ ಇಡಲಾಯಿತು. ಗೋದಾಮಿನ ಬಾಗಿಲಲ್ಲಿ ಯಾರೂ ಅಂಥ ಪುಸ್ತಕ ಇಡಲಿಲ್ಲ.

ಒಮ್ಮೆ ಮಾತ್ರ ಭಾರತದ ನಿಯಮ ಬೇರೆ ರೀತಿ ಯೋಚಿಸಿತ್ತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 90ನೆಯ ನಿಯಮ ರಾಷ್ಟ್ರೀಯ ಪರ್ಮಿಟಿನ ಭಾರಿ ಲಾರಿಯಲ್ಲಿ ಕನಿಷ್ಠ ಇಬ್ಬರು ಚಾಲಕರಿರಬೇಕು ಎಂದಿತು. ಚಾಲಕನ ಸೀಟಿನ ಹಿಂದೆ ಗಾಡಿಯ ಪೂರ್ತಿ ಅಗಲಕ್ಕೆ ಒಂದು ಆಸನವಿರಬೇಕು, ಎರಡನೆಯ ಚಾಲಕ ಅದರ ಮೇಲೆ ಕೈಕಾಲು ಚಾಚಿ ಮಲಗುವಂತಿರಬೇಕು ಎಂದೂ ಸೇರಿಸಿತು. ಸರಕಿಗೆ ರಾತ್ರಿಯೂ ಓಡುವ ಅಗತ್ಯವಿದ್ದರೆ ಓಡಲಿ, ಒಬ್ಬ ಓಡಿಸುವಾಗ ಇನ್ನೊಬ್ಬ ಮಲಗಲಿ ಎಂಬ ಸರಳ ಲೆಕ್ಕ. ಎರಡನೆಯ ಸಂಬಳ ಕೊಡಲಾರದ ಮಾಲೀಕರು ಕ್ಲೀನರನನ್ನೇ ಆ ಜಾಗದಲ್ಲಿ ಕೂರಿಸಿ ಕಾಲ ತಳ್ಳಿದರು. 2018ರ ಜುಲೈಯಲ್ಲಿ ಲಾರಿ ಮಾಲೀಕರ ಎಂಟು ದಿನದ ಮುಷ್ಕರ ನಡೆಯಿತು. ಆ ವರ್ಷ ಮುಗಿಯುವ ಮೊದಲೇ ಇಬ್ಬರು ಚಾಲಕರ ಷರತ್ತನ್ನು ನಿಯಮದಿಂದ ತೆಗೆಯಲಾಯಿತು.

ದೂರದ ಲಾರಿಗಳಲ್ಲಿ ಸೀಟಿನ ಹಿಂದೆ ಆ ಹಲಗೆ ಈಗಲೂ ಇರುತ್ತದೆ. ಅದರ ಮೇಲೆ ಒಂದು ಹಾಸಿಗೆ ಸುರುಳಿ, ಒಗೆದ ಅಂಗಿ, ನೀರಿನ ಕ್ಯಾನು, ದೇವರ ಪಟಕ್ಕೆ ಹಾಕಿ ಉಳಿದ ಹೂವಿನ ಪೊಟ್ಟಣ. ಗಾಡಿ ಓಡುವಾಗ ಅದರ ಮೇಲೆ ಮಲಗುವವರು ಯಾರೂ ಇಲ್ಲ.